ಬೆರಳಿಗೆ ಗೊತ್ತಾಗುವ ಅಂತರ

(ಜುಲೈ ಕೊನೆಯ ವಾರ ಉಡುಪಿಯಲ್ಲಿ ಪದವಿಪೂರ್ವ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ವೇದಿಕೆಯಲ್ಲಿರುವ ಗುರುಹಿರಿಯರಿಗೆ, ಇಂಥ ಮಳೆಯಲ್ಲೂ ಬಂದು ಕುಳಿತಿರುವ ತಂದೆತಾಯಂದಿರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ಮಾತಿಗೆ ಮೊದಲು ಒಂದು ಕೆಲಸ. ನನ್ನ ಕೈಯಲ್ಲಿರುವ ಇದಕ್ಕೆ ಫೀಲರ್ ಗೇಜ್ ಎನ್ನುತ್ತಾರೆ. ಮಡಚುವ ಚಾಕುವಿನಂಥ ಹಿಡಿ, ಅದರೊಳಗಿನಿಂದ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಉಕ್ಕಿನ ತೆಳು ಪಟ್ಟಿಗಳು. ಪ್ರತಿ ಪಟ್ಟಿಯ ಮೇಲೂ ಅದರ ದಪ್ಪ ಕೆತ್ತಿದೆ. ಇದರಲ್ಲಿ ಎಲ್ಲಕ್ಕಿಂತ ತೆಳುವಾದದ್ದು 0.05 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ತಲೆಗೂದಲಿನಷ್ಟು. ಎಲ್ಲಕ್ಕಿಂತ ದಪ್ಪನೆಯದು 1 ಮಿಲಿಮೀಟರ್. ಮುಂದಿನ ಸಾಲಿನವರು ನೋಡಿ ಹಿಂದಿನವರಿಗೆ ದಾಟಿಸುತ್ತಾ ಹೋಗಿ. ಕಣ್ಣು ಮುಚ್ಚಿ ಯಾವುದಾದರೂ ಎರಡು ಪಟ್ಟಿಗಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಯಾವುದು ದಪ್ಪ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಆಮೇಲೆ ಕಣ್ಣು ತೆರೆದು ಅಂಕೆ ನೋಡಿ. ಬೆರಳಿಗೆ ಸ್ವಲ್ಪ ಎಣ್ಣೆ ಹತ್ತುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಅದು ಕೊನೆಯ ಬೆಂಚು ಮುಟ್ಟುವ ಹೊತ್ತಿಗೆ ನನ್ನ ಮಾತೂ ಮುಗಿದಿರುತ್ತದೆ.

ನಾನು ಮಲ್ಪೆಯಲ್ಲಿ ಬೋಟುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುವವನು. ಈ ಕೆಲಸಕ್ಕೆ ಬಂದು ಹದಿನೆಂಟು ವರ್ಷವಾಯಿತು. ಅದಕ್ಕೂ ಮೊದಲು ನಿಮ್ಮ ಹಾಗೆಯೇ ಪಿಯುಸಿಯಲ್ಲಿ ವಿಜ್ಞಾನ ಓದಿದೆ, ಒಳ್ಳೆಯ ಅಂಕ ತೆಗೆದೆ, ಸಿಇಟಿ ಬರೆದೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಮೂರನೇ ಸೆಮಿಸ್ಟರಿನ ನಡುವೆ ಬಿಟ್ಟು ಬಂದೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಮಾತನ್ನು ಮೈಕಿನ ಮುಂದೆ ಹೇಳುವುದು ಸುಲಭವಲ್ಲ. 2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 97.37ರೊಂದಿಗೆ ರಾಜ್ಯಕ್ಕೆ ಮೊದಲು, ಉಡುಪಿ ಶೇ. 96.80ರೊಂದಿಗೆ ಎರಡನೆಯದು. 2025ರಲ್ಲಿ ಜಾಗ ಅದಲುಬದಲಾಯಿತು: ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57. ಇದು ಹೆಮ್ಮೆಯ ವಿಷಯವೇ. ಇದರ ಹಿಂದೆ ಎಷ್ಟು ಅಧ್ಯಾಪಕರ ದುಡಿಮೆ ಇದೆ ಎಂದು ನನಗೆ ಗೊತ್ತು. ಆದರೆ ಊರಿಗೆ ಊರೇ ಫಲಿತಾಂಶ ಕಾಯುವ ಜಾಗದಲ್ಲಿ ಹಿಡಿದ ದಾರಿ ಬಿಟ್ಟ ಹುಡುಗನಿಗೆ ತಲೆ ಎತ್ತಿ ಬಸ್ ಹತ್ತುವುದೂ ಕಷ್ಟವಾಗುತ್ತದೆ. ಮದುವೆಯ ಮನೆಯಲ್ಲಿ, ಭೂತಕೋಲದ ಗದ್ದೆಯಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಈಗ ಏನು ಮಾಡುತ್ತಿದ್ದಿ?" ಆ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಉತ್ತರ ಇಲ್ಲದವನಿಗೆ ಮಾತ್ರ ಅದು ಚುಚ್ಚುತ್ತದೆ.

ಬಿಟ್ಟು ಬಂದದ್ದಕ್ಕೆ ಕಾರಣ ಕೇಳಿದರೆ ಇವತ್ತಿಗೂ ಒಂದೇ ಸಾಲಿನಲ್ಲಿ ಹೇಳಲಾರೆ. ಫೇಲಾಗಿರಲಿಲ್ಲ. ಯಾರೂ ಕಾಟ ಕೊಟ್ಟಿರಲಿಲ್ಲ. ಹಲಗೆಯ ಮೇಲೆ ಬರೆದದ್ದನ್ನು ಪುಸ್ತಕಕ್ಕೆ ಇಳಿಸುತ್ತಿದ್ದೆ, ಪರೀಕ್ಷೆಗೆ ವಾರವಿರುವಾಗ ಬಾಯಿಪಾಠ ಮಾಡುತ್ತಿದ್ದೆ, ಪಾಸಾಗುತ್ತಿದ್ದೆ. ಬರೆದದ್ದು ಸರಿಯೋ ತಪ್ಪೋ ಎಂದು ಎರಡು ತಿಂಗಳ ಮೇಲೆ ಒಂದು ಅಂಕೆ ಬಂದು ಹೇಳುತ್ತಿತ್ತು. ಆ ಅಂಕೆಗೂ ನನಗೂ ಏನೂ ಸಂಬಂಧವಿಲ್ಲ ಅನ್ನಿಸತೊಡಗಿತು. ಬೆಳಿಗ್ಗೆ ಎದ್ದರೆ ಹಾಸ್ಟೆಲ್ ಕೋಣೆಯ ಬಾಗಿಲು ತೆರೆಯಲು ಮನಸ್ಸಾಗುತ್ತಿರಲಿಲ್ಲ. ನನ್ನ ಪಕ್ಕದಲ್ಲೇ ಕುಳಿತವರು ಅದೇ ಪಾಠದಲ್ಲಿ ಖುಷಿಯಿಂದ ಮುಳುಗಿರುತ್ತಿದ್ದರು. ಅವರು ಇವತ್ತು ಒಳ್ಳೆಯ ಎಂಜಿನಿಯರುಗಳಾಗಿದ್ದಾರೆ, ಇಬ್ಬರು ಈಗಲೂ ಊರಿಗೆ ಬಂದಾಗ ನನ್ನ ಶೆಡ್ಡಿಗೆ ಬರುತ್ತಾರೆ. ಹಾಗಾಗಿ ಕಾಲೇಜನ್ನು ದೂರುವುದಕ್ಕೆ ನಾನು ಇಲ್ಲಿ ನಿಂತಿಲ್ಲ.

ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬೀಡಿಯ ಹಣದಿಂದ ಓದಿದ ಮಕ್ಕಳನ್ನು ಎಣಿಸಲು ಕುಳಿತರೆ ಈ ಸಭಾಂಗಣದಲ್ಲೇ ಹಲವು ಕೈ ಮೇಲೇಳಬಹುದು. ರಾತ್ರಿ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸುವುದು, ಮಡಿಲಲ್ಲಿ ತಡ್ಪೆ, ಅಂದರೆ ಗೆರಸೆ, ಇಟ್ಟುಕೊಂಡು ಹೊಗೆಸೊಪ್ಪಿನ ಹುಡಿ ತುಂಬಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದು. ಸಾವಿರಕ್ಕೆ ಇಷ್ಟು ಎಂದು ಕೂಲಿ. ನನ್ನ ಹಾಸ್ಟೆಲಿನ ಮೊದಲ ಕಂತು ಆ ತಡ್ಪೆಯಿಂದಲೇ ಎದ್ದು ಹೋಗಿತ್ತು. "ನಿನ್ನ ಕೈ ನನ್ನ ಕೈಯ ಹಾಗೆ ಆಗಬಾರದು" ಎಂದು ನಾನು ಐದನೇ ತರಗತಿಯಲ್ಲಿದ್ದಾಗಿನಿಂದ ಹೇಳುತ್ತಾ ಬಂದಿದ್ದರು.

ನಾನು ಚೀಲ ಹೊತ್ತು ಅಂಗಳಕ್ಕೆ ಬಂದಾಗ ಅವರು ಜಗಲಿಯಲ್ಲೇ ಕುಳಿತಿದ್ದರು. "ರಜೆಯಾ?" ಎಂದರು. "ಇಲ್ಲಮ್ಮ, ಬಿಟ್ಟು ಬಂದೆ" ಎಂದೆ. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿ ತಡ್ಪೆಗೆ ಹಾಕಿದರು. ಇನ್ನೊಂದು ಎಲೆ ತೆಗೆದುಕೊಂಡರು. "ಊಟ ಮಾಡು, ಗಂಜಿ ಬಿಸಿ ಇದೆ" ಎಂದರು. ಆಮೇಲೆ ನಾಲ್ಕು ತಿಂಗಳು ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆ ಮೌನದಲ್ಲಿ ಎಷ್ಟು ನೋವಿತ್ತು ಎಂದು ತಿಳಿಯುವ ವಯಸ್ಸು ನನ್ನದಾಗಿರಲಿಲ್ಲ.

ನಮ್ಮ ಕಡೆ ಮಾವನ ಮಾತಿಗೆ ತೂಕ ಹೆಚ್ಚು. ಅಮ್ಮನ ಅಣ್ಣ ಒಂದು ಆಳಸಮುದ್ರ ಬೋಟಿನಲ್ಲಿ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮೀನುಗಳಿಗೆ ಮರಿ ಮಾಡುವ ಕಾಲ, ಬಲೆಗಳಿಗೆ ಹೆಣೆದು ಕಟ್ಟುವ ಕಾಲ, ಎಂಜಿನ್‌ಗಳಿಗೆ ಬಿಚ್ಚಿ ಕಟ್ಟುವ ಕಾಲ. ಮಾವ ಒಂದು ದಿನ ಬಂದು, "ಮನೆಯಲ್ಲಿ ಕುಳಿತು ಗೋಡೆ ನೋಡುವ ಬದಲು ಬಂದು ಟಾರ್ಚ್ ಹಿಡಿ" ಎಂದು ಕರೆದುಕೊಂಡು ಹೋದರು. ನಾನು ಈ ಕೆಲಸಕ್ಕೆ ಬಂದದ್ದು ಹೀಗೆ. ಒಳಗಿನಿಂದ ಯಾವುದೋ ಕರೆ ಕೇಳಿಸಿತು, ಎಂಜಿನ್ ನೋಡಿದ ತಕ್ಷಣ ಮನಸ್ಸು ಹಾರಿಹೋಯಿತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ.

ಈ ಮಾತನ್ನು ಒತ್ತಿ ಹೇಳಬೇಕು. "ನಿನಗೆ ಯಾವುದರಲ್ಲಿ ಆಸಕ್ತಿ ಇದೆಯೋ ಅದನ್ನು ಹುಡುಕಿಕೋ" ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ಹದಿನೇಳು ವರ್ಷದವರಿಗೆ ಇದು ದೊಡ್ಡ ಹೊರೆ. ಆಸಕ್ತಿ ಎಲ್ಲೋ ಬಚ್ಚಿಟ್ಟ ನಿಧಿ, ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ನನ್ನಲ್ಲೇ ಏನೋ ಕೊರತೆ ಎಂದು ಮಕ್ಕಳು ಕೊರಗುತ್ತಾರೆ. ನಾನೂ ಕೊರಗಿದ್ದೇನೆ. ನನ್ನ ವಿಷಯದಲ್ಲಿ ಕೆಲಸ ಮೊದಲು ಬಂತು, ಪ್ರೀತಿ ಬರಲು ಮೂರು ಮಳೆಗಾಲ ಹಿಡಿಯಿತು.

ಮೊದಲ ವರ್ಷ ನಾನು ಮಾಡಿದ್ದು ತೊಳೆಯುವ ಕೆಲಸ. ಬಿಚ್ಚಿದ ಬೋಲ್ಟು, ನಟ್ಟು, ಪೈಪುಗಳನ್ನು ಡೀಸೆಲಿನಲ್ಲಿ ಅದ್ದಿ ಬ್ರಷ್ ಹಾಕುವುದು, ಪಿಸ್ಟನ್ ತಲೆಯ ಮಸಿ ಕೆರೆಯುವುದು, ಬೋಟಿನ ತಳದಲ್ಲಿ ನಿಂತ ಎಣ್ಣೆ ನೀರು ತೋಡುವುದು. ಉಪ್ಪು ಗಾಳಿಗೂ ಡೀಸೆಲಿಗೂ ಬೆರಳ ಸಂದುಗಳು ಒಡೆದು, ರಾತ್ರಿ ಅನ್ನ ಸಾರು ಕಲಸಿದರೆ ಉರಿಯುತ್ತಿತ್ತು. ಅಮ್ಮ ಅದನ್ನು ನೋಡಿ ಎದ್ದು ಒಳಗೆ ಹೋದದ್ದು ನೆನಪಿದೆ.

ನನಗೆ ಕೆಲಸ ಕಲಿಸಿದವರನ್ನು ಬೋಟು ನಿಲ್ಲುವ ಧಕ್ಕೆಯಲ್ಲಿ ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಏಳನೇ ತರಗತಿ ಓದಿದವರು. ಮಾತು ಕಡಿಮೆ. ಎರಡನೇ ವರ್ಷ ನನಗೆ ಸಣ್ಣಪುಟ್ಟದ್ದನ್ನು ಒಪ್ಪಿಸತೊಡಗಿದರು. ಸಮುದ್ರದ ನೀರನ್ನು ಎಳೆದು ಎಂಜಿನ್ ತಣಿಸುವ ಪಂಪು ಇರುತ್ತದೆ. ಅದರೊಳಗೆ ರಬ್ಬರಿನ ಒಂದು ಚಕ್ರ, ಇಂಪೆಲ್ಲರ್ ಎನ್ನುತ್ತಾರೆ, ಹೂವಿನ ದಳಗಳಂತೆ ಸುತ್ತ ರೆಕ್ಕೆಗಳು. ಒಂದು ಬೋಟಿನಲ್ಲಿ ಅದು ಸವೆದಿತ್ತು. ಹಳೆಯದನ್ನು ತೆಗೆದೆ, ಹೊಸದನ್ನು ಹಾಕಿದೆ, ನೀರು ಬಂತು, ಮುಚ್ಚಿದೆ. ಬೋಟು ಹೋಯಿತು. ಮೂರನೇ ರಾತ್ರಿ ನಡುಸಮುದ್ರದಲ್ಲಿ ಎಂಜಿನ್ ಕಾದು ನಿಂತಿತು. ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತಂದಿತು. ಐಸು ಕರಗಿ ಮೀನು ಹಾಳಾಗಿತ್ತು. ಎಂಟು ಮಂದಿ ಬರಿಗೈಯಲ್ಲಿ ಇಳಿದರು.

ಮೇಸ್ತ್ರಿ ಬೈಯುತ್ತಾರೆ ಎಂದು ನಿಂತಿದ್ದೆ. ಅವರು ಕೇಳಿದರು:

"ನೀನು ತೆಗೆದ ಹಳೆಯದು ಎಲ್ಲಿದೆ?"

ಡಬ್ಬದಲ್ಲಿತ್ತು, ತಂದೆ.

"ಎಷ್ಟು ರೆಕ್ಕೆ ಇದೆ?"

"ಆರು."

"ಎಷ್ಟಿರಬೇಕು?"

ಹೊಸದನ್ನು ನೆನಪಿಸಿಕೊಂಡು ಎಂಟು ಎಂದೆ.

"ಉಳಿದ ಎರಡು ಎಲ್ಲಿ?"

ನಾವಿಬ್ಬರೂ ಕುಳಿತು ಪೈಪು ಬಿಚ್ಚಿದೆವು. ನೀರು ಹಾಯುವ ಕೊಳವೆಗಳ ಬಾಯಲ್ಲೇ ಆ ಎರಡು ರಬ್ಬರಿನ ತುಂಡುಗಳು ಒಂದರ ಮೇಲೊಂದು ಕೂತಿದ್ದವು. ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಮೇಸ್ತ್ರಿ ಅವನ್ನು ನನ್ನ ಅಂಗೈಯಲ್ಲಿಟ್ಟು ಬೇರೆ ಕೆಲಸಕ್ಕೆ ಹೋದರು.

ಕಾಲೇಜಿನಲ್ಲಿ ನಾನು ತಪ್ಪು ಬರೆದರೆ ನನಗೆ ಅಂಕ ಹೋಗುತ್ತಿತ್ತು, ಅಷ್ಟೆ. ಇಲ್ಲಿ ತಪ್ಪು ಯಾರ ಮೇಲೆ ಬಿತ್ತು ಎಂದು ಕಣ್ಣಾರೆ ಕಂಡೆ. ಆ ಎಂಟು ಮಂದಿಯಲ್ಲಿ ಒಬ್ಬರ ಮಗಳಿಗೆ ಶಾಲೆಯ ಚೀಲ ಕೊಳ್ಳುವುದು ಬಾಕಿ ಇತ್ತು ಎಂದು ಆಮೇಲೆ ತಿಳಿಯಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬಹಳ ದಿನಗಳ ನಂತರ, ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದು ಹೋದೆ. ಅಂದಿನಿಂದ ಬಿಚ್ಚಿದ್ದನ್ನೆಲ್ಲ ಎಣಿಸುತ್ತೇನೆ. ಹೊಸದನ್ನು ಹಾಕುವ ಮೊದಲು ಹಳೆಯದು ಏನು ಹೇಳುತ್ತದೆ ಎಂದು ತಿರುಗಿಸಿ ನೋಡುತ್ತೇನೆ. ಆ ಎರಡು ತುಂಡುಗಳು ಈಗಲೂ ನನ್ನ ಪೆಟ್ಟಿಗೆಯಲ್ಲಿವೆ.

ಇನ್ನು ನಿಮ್ಮ ಕೈಯಲ್ಲಿ ತಿರುಗುತ್ತಿರುವ ಗೇಜಿನ ವಿಷಯ. ಎಂಜಿನ್‌ನ ಒಳಕ್ಕೆ ಗಾಳಿ ಬಿಡಲು, ಹೊಗೆ ಹೊರಹಾಕಲು ವಾಲ್ವ್‌ಗಳಿವೆ. ಅವನ್ನು ಮೇಲಿನಿಂದ ಒತ್ತುವ ಸಣ್ಣ ತೋಳಿಗೆ ರಾಕರ್ ಎನ್ನುತ್ತಾರೆ. ವಾಲ್ವ್ ಮುಚ್ಚಿರುವಾಗ ರಾಕರಿಗೂ ಅದರ ತಲೆಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಕಾದರೆ ಕಬ್ಬಿಣ ಹಿಗ್ಗುತ್ತದಲ್ಲ, ಅದಕ್ಕೆ. ಜಾಗ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೆಚ್ಚಾದರೆ ಟಕಟಕ ಸದ್ದು, ಎಂಜಿನ್ ಸರಿಯಾಗಿ ಉಸಿರಾಡುವುದಿಲ್ಲ. ಎಷ್ಟು ಜಾಗ ಎಂದು ಎಂಜಿನ್ ಕೈಪಿಡಿಯಲ್ಲಿ ಬರೆದಿರುತ್ತದೆ. ಆ ದಪ್ಪದ ಪಟ್ಟಿಯನ್ನು ನಡುವೆ ತೂರಿಸಿ, ಸ್ಕ್ರೂ ತಿರುಗಿಸಿ, ಪಟ್ಟಿಯನ್ನು ಎಳೆದು ನೋಡಬೇಕು. ಸುಮ್ಮನೆ ಜಾರಿ ಬಂದರೆ ಸಡಿಲ, ಬರದೇ ಇದ್ದರೆ ಬಿಗಿ. "ಒದ್ದೆ ಬಾಳೆ ಎಲೆಯ ಮೇಲೆ ಬೆರಳು ಎಳೆದ ಹಾಗೆ ಇರಬೇಕು ಮಾರಾಯ, ಸ್ವಲ್ಪ ಹಿಡಿಯಬೇಕು, ಹಿಡಿದು ಬಿಡಬೇಕು" ಎನ್ನುತ್ತಿದ್ದರು ಮೇಸ್ತ್ರಿ. ಸರಿಯಾಯಿತು ಎಂದು ಮೇಲಿನ ನಟ್ಟು ಬಿಗಿದರೆ ಆ ಬಿಗಿತಕ್ಕೇ ಅಂತರ ಮತ್ತೆ ತಪ್ಪುತ್ತದೆ. ಮತ್ತೆ ನೋಡಬೇಕು. ಮತ್ತೆ ತಪ್ಪುತ್ತದೆ. ಆರು ಸಿಲಿಂಡರಿನ ಎಂಜಿನ್‌ಗೆ ನಾನು ಮೊದಲ ಸಲ ಇಡೀ ದಿನ ತೆಗೆದುಕೊಂಡೆ, ಮೇಸ್ತ್ರಿ ಬಂದು ಪರೀಕ್ಷಿಸಿ ಅರ್ಧಕ್ಕಿಂತ ಹೆಚ್ಚನ್ನು ಮತ್ತೆ ಮಾಡಿಸಿದರು.

ಮೂರನೇ ಮಳೆಗಾಲದಲ್ಲಿ ಒಂದು ಸಂಜೆ, ಹೊರಗೆ ಜಡಿಮಳೆ, ಬೋಟಿನ ಎಂಜಿನ್ ಕೋಣೆಯಲ್ಲಿ ಒಂದೇ ಬಲ್ಬು. ನಟ್ಟು ಬಿಗಿಯುವ ಮೊದಲೇ ಅದು ಎಷ್ಟು ತಪ್ಪುತ್ತದೆ ಎಂದು ನನ್ನ ಕೈಗೆ ಗೊತ್ತಾಗಿಬಿಟ್ಟಿತು. ಅಷ್ಟನ್ನು ಮೊದಲೇ ಬಿಟ್ಟುಕೊಟ್ಟು ಬಿಗಿದೆ. ಪಟ್ಟಿ ಎಳೆದೆ. ಹಿಡಿಯಿತು, ಬಿಟ್ಟಿತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ. ಮುಗಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಎದ್ದು ಒಂದೇ ಸಮನೆ ನಿಂತ ಸದ್ದಿದೆಯಲ್ಲ, ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅಲ್ಲಿ ಇರಲೂ ಇಲ್ಲ. ಹೊರಗೆ ಬಂದು ಮಳೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಖುಷಿ ಎಂದು ನಾನು ಇಲ್ಲಿ ಹೇಳುತ್ತಿರುವುದು ಅದನ್ನು.

ನಾನು ಓದಿದ್ದು ವ್ಯರ್ಥವಾಯಿತೇ ಎಂದು ಕೇಳುವವರಿದ್ದಾರೆ. ಪಿಯುಸಿ ಭೌತಶಾಸ್ತ್ರದಲ್ಲಿ ಅಡಿಯಾಬ್ಯಾಟಿಕ್ ಸಂಕೋಚನದ, ಅಂದರೆ ಶಾಖ ಒಳಗೆ ಬರದಂತೆ ಹೊರಗೆ ಹೋಗದಂತೆ ಅನಿಲವನ್ನು ಅದುಮುವುದರ ಪಾಠ ಇತ್ತು. ಸೂತ್ರ ಬರೆದು ಅಂಕ ತೆಗೆದಿದ್ದೆ, ಅದು ಯಾವ ವಸ್ತುವಿನ ಬಗ್ಗೆ ಎಂದು ಹೊಳೆದಿರಲಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಾಲಿನಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ತಾನಾಗಿಯೇ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ತಳ ಬಿಸಿಯಾಗುವುದೂ ಇದೇ. ಎಣ್ಣೆ ಚಿಮ್ಮಿಸುವ ನಾಜಲಿನ ಚಿಮ್ಮು ಸರಿಯಿಲ್ಲದ ಎಂಜಿನ್ ಯಾಕೆ ಕಪ್ಪು ಹೊಗೆ ಉಗುಳುತ್ತದೆ ಎಂದು ಯೋಚಿಸುತ್ತಾ ಕುಳಿತಾಗ ಆ ಹಳೆಯ ಪಾಠ ಪುಟ ಸಮೇತ ನೆನಪಾಯಿತು. ಮನೆಗೆ ಹೋಗಿ ಅಟ್ಟದಿಂದ ಪುಸ್ತಕ ಇಳಿಸಿ ಮತ್ತೆ ಓದಿದೆ. ಈ ಎಂಜಿನ್‌ಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದಾಗ ಅವರ ಲೆಕ್ಕ ಕಾಗದದ ಮೇಲಿತ್ತು. ಜರ್ಮನಿಯ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಗುದ್ದಾಡಿ ನೆಚ್ಚಬಹುದಾದ ಎಂಜಿನ್ ನಡೆಸಿ ತೋರಿಸುವಾಗ 1897 ಆಗಿತ್ತು. ಕಾಗದಕ್ಕೂ ಕಬ್ಬಿಣಕ್ಕೂ ನಡುವಿನ ಆ ನಾಲ್ಕು ವರ್ಷಗಳು ನನಗೆ ಬಹಳ ಇಷ್ಟ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಸಂಗತಿ. ಆ ಮಳೆಗಾಲದಲ್ಲೇ ಒಂದು ಭಾನುವಾರ ಗೇಜನ್ನು ಒರೆಸಲು ಮನೆಗೆ ತಂದಿದ್ದೆ. ಅಮ್ಮ ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದರು. ಇದೇನು ಎಂದು ಕೇಳಿದರು. ಹೇಳಿದೆ. ಕೈ ಒರೆಸಿಕೊಂಡು ತೆಗೆದುಕೊಂಡರು. ಪಟ್ಟಿಗಳನ್ನು ಒಂದೊಂದಾಗಿ ಬೆರಳ ನಡುವೆ ಹಾಯಿಸಿದರು. ನಾನು ತಮಾಷೆಗೆಂದು ಹಿಡಿಯ ಸ್ಕ್ರೂ ಬಿಚ್ಚಿ ಎಲ್ಲ ಪಟ್ಟಿಗಳನ್ನೂ ಕಲಸಿ ಕೊಟ್ಟೆ. ಅಮ್ಮ ಅಂಗಳದ ಕಡೆ ನೋಡುತ್ತಾ, ಕೈಯನ್ನು ಒಮ್ಮೆಯೂ ನೋಡದೆ, ತೆಳುವಿನಿಂದ ದಪ್ಪಕ್ಕೆ ಸಾಲಾಗಿ ಜೋಡಿಸಿದರು. ಅಂಕೆ ನೋಡಿದೆ. ಒಂದೂ ತಪ್ಪಿರಲಿಲ್ಲ. ನನಗೆ ಮೂರು ವರ್ಷ ಹಿಡಿದ ವಿದ್ಯೆ.

ಅಲ್ಲಿ ಇಪ್ಪತ್ತೈದು ವರ್ಷಗಳ ಬೀಡಿ ಇತ್ತು. ಎಲೆ ಎಷ್ಟು ನೆನೆದಿದೆ, ಎಲ್ಲಿ ನರ ದಪ್ಪ, ಎಷ್ಟು ಬಿಗಿದರೆ ಒಡೆಯುತ್ತದೆ, ಎಷ್ಟು ಬಿಟ್ಟರೆ ಹುಡಿ ಉದುರುತ್ತದೆ ಎಂದು ದಿನಕ್ಕೆ ನೂರಾರು ಸಲ ತೂಗಿದ ಬೆರಳು ಅದು. ಆದರೆ ಅಮ್ಮನಿಗೆ ಆ ಕೆಲಸದಲ್ಲಿ ಸುಖವಿತ್ತೇ ಎಂದು ಕೇಳಿದರೆ, ಇರಲಿಲ್ಲ. ಕೈಕೆಲಸದಲ್ಲಿ ಆನಂದವಿದೆ ಎಂದು ಮೈಕಿನ ಮುಂದೆ ಹೇಳುವ ಯಾರೇ ಆದರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು, ನಾನೂ ಸೇರಿ. ಅಮ್ಮನ ಕೆಲಸದಲ್ಲಿ ತೀರ್ಮಾನ ಅಮ್ಮನದಾಗಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ ಮಾಡುವವರು ಒಂದು ಹಿಡಿ ಬೀಡಿ ತೆಗೆದು ಬದಿಗೆ ಎಸೆದರೆ ಯಾಕೆ ಎಂದು ಕೇಳುವಂತಿರಲಿಲ್ಲ. ಹತ್ತು ವರ್ಷ ಕಟ್ಟಿದರೂ ನಿನ್ನೆ ಕಲಿತವಳಿಗೂ ಅದೇ ಸಾವಿರದ ಲೆಕ್ಕ. ಕಲಿತು ಮುಂದೆ ಹೋಗಲು ಅಲ್ಲಿ ಮೆಟ್ಟಿಲೇ ಇರಲಿಲ್ಲ. ಜೊತೆಗೆ ಹೊಗೆಸೊಪ್ಪಿನ ಕೆಮ್ಮು, ಬೆನ್ನುನೋವು. ನನ್ನ ಕೆಲಸದಲ್ಲಿ ಎಂಜಿನ್ ಯಾಕೆ ನಿಂತಿತು ಎಂದು ಕಂಡುಹಿಡಿಯುವುದು ನನಗೆ ಬಿಟ್ಟದ್ದು. ನಿನ್ನೆ ಗೊತ್ತಿಲ್ಲದ್ದು ಇವತ್ತು ಗೊತ್ತಾದರೆ ನಾಳೆ ಅದಕ್ಕೆ ಬೆಲೆ ಇದೆ. ಕೈ ಮಾಡುವುದನ್ನು ತಲೆ ತೀರ್ಮಾನಿಸುತ್ತದೆ, ಎರಡೂ ನನ್ನವೇ. ಅಮ್ಮ "ನನ್ನ ಕೈಯ ಹಾಗೆ ಆಗಬಾರದು" ಎಂದಾಗ ಕೈಯನ್ನು ಬೇಡವೆಂದಿರಲಿಲ್ಲ. ಆ ಕೈಗೆ ಆದದ್ದು ನನಗೆ ಆಗಬಾರದು ಎಂದಿದ್ದರು. ಇದು ತಿಳಿಯಲು ನನಗೆ ಆ ಭಾನುವಾರ ಬೇಕಾಯಿತು. ಅಂದು ಅಮ್ಮ ಗೇಜನ್ನು ಮಡಚಿ ಕೊಡುತ್ತಾ, "ಇದನ್ನು ಉಪ್ಪು ನೀರಿಗೆ ತಾಗಿಸಬೇಡ, ತುಕ್ಕು ಹಿಡಿದೀತು" ಎಂದರು. ನನ್ನ ಕೆಲಸದ ಬಗ್ಗೆ ಅವರು ಬಾಯಿಬಿಟ್ಟು ಆಡಿದ ಮೊದಲ ಮಾತು.

ಈ ಊರುಗಳಿಗೆ ಕೈಕೆಲಸ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿಯ ಆವೆಮಣ್ಣನ್ನು ಹದ ಮಾಡಿದವರ ಕೈಯಿಂದಲೇ ಮಂಗಳೂರು ಹೆಂಚು ಎಂಬ ಹೆಸರು ಹುಟ್ಟಿತು. ಉಡುಪಿಯಲ್ಲಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಹುಟ್ಟಿದ್ದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ ಅವರೇ 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಮಗ್ಗಕ್ಕೂ ಕಾಲೇಜಿಗೂ ನಡುವೆ ಅವರಿಗೆ ಗೋಡೆ ಕಂಡಿರಲಿಲ್ಲ, ನಾವು ಆಮೇಲೆ ಎಬ್ಬಿಸಿಕೊಂಡೆವು. ಕಾಲೇಜು ಬಿಟ್ಟವರ ಮಾತು ಬಂದಾಗ ನನಗೆ ನೆನಪಾಗುವುದು ಇಲ್ಲೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಗಾಂಧೀಜಿಯ ಅಸಹಕಾರದ ಕರೆಗೆ ಅವರು ಮಂಗಳೂರಿನ ಕಾಲೇಜು ಬಿಟ್ಟರು. ಅವರ ಕಾರಣ ದೇಶದ್ದು, ನನ್ನದು ಅಷ್ಟು ದೊಡ್ಡದಲ್ಲ, ಹೋಲಿಸಿಕೊಳ್ಳುತ್ತಿಲ್ಲ. ಬಿಟ್ಟ ಮೇಲೆ ಅವರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದರು, ಯಕ್ಷಗಾನಕ್ಕೆ ಇಳಿದು ಗೆಜ್ಜೆ ಕಟ್ಟಿದರು, ಬದುಕಿನುದ್ದಕ್ಕೂ ಕಲಿಯುತ್ತಲೇ ಇದ್ದರು. ಬಿಟ್ಟದ್ದನ್ನಷ್ಟೇ ಹೇಳಿ ಇದನ್ನು ಮರೆಯುವವರು ಮಕ್ಕಳಿಗೆ ಅರ್ಧ ಕಥೆ ಹೇಳಿದಂತೆ.

ಪಾಲಕರು ತಿಳಿಯಬೇಕಾದ ಕೆಲವು ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ನಾನೂ ಕೆಲಸದ ನಡುವೆಯೇ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಮುಗಿಸಿದೆ, ಒಂದು ವರ್ಷದ್ದು. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದವು ಎರಡು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತಾ ಕಲಿಯಬಹುದು. ಅಂದರೆ ಒಮ್ಮೆ ಬಾಗಿಲು ಮುಚ್ಚಿದರೆ ಮುಗಿಯಿತು ಎಂಬ ಭಯ ಬೇಡ. ಹೆಣ್ಣುಮಕ್ಕಳ ಪಾಲಕರಿಗೂ ಹೇಳುತ್ತಿದ್ದೇನೆ. ಹೋದ ವರ್ಷದಿಂದ ನಮ್ಮಲ್ಲಿ ಒಬ್ಬ ಹುಡುಗಿ ನಾಜಲ್ ಪರೀಕ್ಷೆಯ ಬೆಂಚಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ, ಅವಳ ಕೈಯ ನಿಖರತೆ ನನಗಿಲ್ಲ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಎಂಜಿನ್ ಸದ್ದಿಗೆ ನನ್ನ ಎಡಗಿವಿ ಸ್ವಲ್ಪ ಮಂದವಾಗಿದೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಮೀನು ಬಾರದ ವರ್ಷ ಬೋಟಿನವರ ಕೈಯಲ್ಲಿ ಹಣವಿರುವುದಿಲ್ಲ, ನನ್ನ ಬಾಕಿಯೂ ನಿಲ್ಲುತ್ತದೆ. ಪಿಂಚಣಿ ಇಲ್ಲ. ಕಾಲೇಜಿನ ಸಾಲ ತೀರಿಸಲು ಆರು ವರ್ಷ ಹಿಡಿಯಿತು. ಆದರೂ ತೀರಿತು, ಮನೆಗೆ ಹೊಸ ಛಾವಣಿ ಬಂತು, ಅಮ್ಮ ಬೀಡಿ ಬಿಟ್ಟು ಎಂಟು ವರ್ಷವಾಯಿತು.

ಇಲ್ಲಿರುವ ಎಲ್ಲರೂ ಸ್ಪ್ಯಾನರ್ ಹಿಡಿಯಿರಿ ಎಂದು ನಾನು ಹೇಳಲು ಬಂದಿಲ್ಲ. ವೈದ್ಯರಾಗುವವರು ಆಗಲೇಬೇಕು, ನಮಗೆ ಬೇಕು. ನಾನು ಕೇಳುವುದು ಎರಡು. ಮಕ್ಕಳೇ, ಹಿಡಿದ ದಾರಿ ನಿಮ್ಮದಲ್ಲ ಅನ್ನಿಸಿದರೆ ಹಾಸ್ಟೆಲಿನ ಬಾಗಿಲು ಹಾಕಿಕೊಂಡು ಒಬ್ಬರೇ ಕೊರಗಬೇಡಿ, ಮನೆಯವರಿಗೆ ಹೇಳಿ. ನಾನು ಹೇಳದೇ ಕಳೆದ ಆರು ತಿಂಗಳು ನನ್ನ ಬದುಕಿನ ಅತಿ ಕೆಟ್ಟ ಕಾಲ, ಬಿಟ್ಟ ಮೇಲಿನದ್ದಲ್ಲ. ತಾಯಂದಿರೇ, ತಂದೆಯಂದಿರೇ, ಮಗ ಅಥವಾ ಮಗಳು ಹಾಗೆ ಬಂದು ನಿಂತರೆ ಆ ಹೊತ್ತಿಗೆ ಏನೂ ತೋಚದಿದ್ದರೂ ಚಿಂತೆಯಿಲ್ಲ, ಗಂಜಿ ಬಿಸಿ ಇದೆ ಎಂದು ಹೇಳಿ. ನನ್ನ ಅಮ್ಮ ಹಾಗೆ ಹೇಳದೇ ಇದ್ದಿದ್ದರೆ ನಾನು ಆ ಸಂಜೆ ಎಲ್ಲಿಗೆ ಹೋಗುತ್ತಿದ್ದೆನೋ ಗೊತ್ತಿಲ್ಲ.

ಆಗಸ್ಟ್ 1ಕ್ಕೆ ಬೋಟುಗಳು ಇಳಿಯುತ್ತವೆ. ನಮ್ಮ ಶೆಡ್ಡಿನಲ್ಲಿ ಇನ್ನೂ ನಾಲ್ಕು ಎಂಜಿನ್ ಬಾಕಿ ಇವೆ, ಅದರಲ್ಲಿ ಒಂದರ ವಾಲ್ವ್ ಇವತ್ತು ರಾತ್ರಿಯೇ ಕೂರಿಸಬೇಕು, ಹುಡುಗರು ಕಾಯುತ್ತಿದ್ದಾರೆ. ಆ ಗೇಜ್ ಮೇಸ್ತ್ರಿಯವರದು, ಅವರು ಕೆಲಸ ನಿಲ್ಲಿಸಿದ ದಿನ ನನಗೆ ಕೊಟ್ಟದ್ದು. ಈಗ ಎಲ್ಲಿಗೆ ಬಂತು? ಹಾಂ, ಕೊನೆಯ ಬೆಂಚು, ಕಿಟಕಿಯ ಬದಿ. ಕಣ್ಣು ಮುಚ್ಚಿಕೊಂಡಿದ್ದೀಯಲ್ಲ ತಂಗಿ, ತೆರೆಯಬೇಡ, ನಿಧಾನವಾಗಿ ನೋಡು. ನಿನಗೆ ಗೊತ್ತಾದ ಮೇಲೆ ತಂದು ಕೊಟ್ಟರೆ ಸಾಕು, ನಾನು ಇಲ್ಲೇ ನಿಂತಿರುತ್ತೇನೆ.